ಅಡುಗೆಯ ಅಕ್ಕರೆ, ನಾಲಿಗೆಯ ಚಪಲ

ಸಂಸಾರಿ ಜೀವಿಗೆ ಅಂಟಿಕೊಂಡು ಬಂದ ಸಂಜ್ಞೆಗಳು ನಾಲ್ಕು: ಆಹಾರ, ಭಯ, ಮೈಥುನ ಮತ್ತು ಪರಿಗ್ರಹ. ಇವುಗಳಲ್ಲಿ ಆಹಾರಸಂಜ್ಞೆಗೆ ಮೊದಲ ಸ್ಥಾನವನ್ನು ಕೊಟ್ಟಿರುವುದು ಅಕಾರಣವಲ್ಲ. ಭಯವಿಲ್ಲದ ಗಳಿಗೆ ಉಂಟು, ಪರಿಗ್ರಹವಿಲ್ಲದ ಬಡವನೂ ಉಂಟು. ಹಸಿವಿಲ್ಲದ ದೇಹಧಾರಿ ಇಲ್ಲ. ಆದರೆ ಹಸಿವನ್ನು ಅಡುಗೆಯಾಗಿ, ಅಡುಗೆಯನ್ನು ರುಚಿಯಾಗಿ, ರುಚಿಯನ್ನು ಮಾತಾಗಿ ಬೆಳೆಸಿಕೊಂಡವನು ಮನುಷ್ಯನೊಬ್ಬನೇ. ಹೀಗೆ ಬೆಳೆಸಿಕೊಂಡದ್ದು ಗುಣವೋ ದೋಷವೋ? ಅಡುಗೆಯಲ್ಲಿ ಉತ್ಸಾಹವುಳ್ಳ, ಹೊಸ ಪಾಕಗಳನ್ನು ಕಲಿಯಬಯಸುವ, ಮಾಡಿ ಬಡಿಸುವುದರಲ್ಲಿ ಸುಖ ಕಾಣುವ ಗೃಹಿಣಿಯ ಮನಸ್ಸನ್ನು ಶ್ರಾವಕಧರ್ಮವು ಯಾವ ದೃಷ್ಟಿಯಿಂದ ನೋಡುತ್ತದೆ? ಈ ಪ್ರಶ್ನೆಯನ್ನು ನಮ್ಮ ಭಾಗದ ಅಡುಗೆಮನೆಯನ್ನೇ ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯು ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ, ನಡುವೆ ಡೋಣಿಯನ್ನು ಹೊಂದಿದ ಎರೆಭೂಮಿ. ಡೋಣಿಯ ಸಾಲು ಬೆಳೆದ ವರ್ಷ ಓಣಿಗೆಲ್ಲ ಜೋಳ ಎಂಬ ಅಭಿಪ್ರಾಯದ ಮಾತು ಇಲ್ಲಿ ಮನೆಮನೆಯಲ್ಲಿಯೂ ಇದೆ. ಹಿಂಗಾರಿಯ ಬಿಳಿಜೋಳದ ರೊಟ್ಟಿ, ಚಳಿಗಾಲದ ಸಜ್ಜೆಯ ಕಟಕ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ, ಗುರೆಳ್ಳು, ಅಗಸಿಗಳ ಚಟ್ನಿಪುಡಿ, ಹಬ್ಬಕ್ಕೆ ಮಾದಲಿ ಹಾಗೂ ಶೇಂಗಾ ಹೋಳಿಗೆ, ಇವು ಇಲ್ಲಿಯ ಊಟದ ಆಧಾರ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂಮಿಗೆ ಚರಗ ಚೆಲ್ಲುವ ಒಕ್ಕಲುತನದ ಪದ್ಧತಿ ಇನ್ನೂ ಉಳಿದಿದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಅದೇ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದರಿಂದ, ಬಡವರ ತುತ್ತೆನಿಸಿದ್ದ ಜೋಳ, ಸಜ್ಜೆಗಳ ಹೆಸರು ದೊಡ್ಡ ನಗರಗಳ ಹೋಟೆಲುಗಳ ಪಟ್ಟಿಗೂ ಏರಿತು. ಇಂದು ಕೈಯೊಳಗಿನ ಮೊಬೈಲಿನಲ್ಲಿ ನೂರು ಊರಿನ ಅಡುಗೆಗಳು ಹಗಲಿರುಳು ಹರಿದು ಬರುತ್ತಿವೆ. ಆದುದರಿಂದ ಈ ವಿಚಾರಕ್ಕೆ ಹಿಂದೆಂದಿಗಿಂತಲೂ ಈಗ ಹೆಚ್ಚಿನ ಅಗತ್ಯವಿದೆ.

ಅಡುಗೆಯ ಉತ್ಸಾಹವನ್ನು ಆಕ್ಷೇಪಿಸುವವರ ಬಳಿ ಬಲವಾದ ಆಧಾರವೇ ಇದೆ. ಪ್ರಮಾದಗಳು ಹದಿನೈದು; ಅವುಗಳಲ್ಲಿ ವಿಕಥೆಗಳು ನಾಲ್ಕು; ಆ ನಾಲ್ಕರಲ್ಲಿ ಸ್ತ್ರೀಕಥೆ, ರಾಷ್ಟ್ರಕಥೆ, ರಾಜಕಥೆಗಳ ಸಾಲಿನಲ್ಲಿಯೇ ಭಕ್ತಕಥೆ, ಅಂದರೆ ಅನ್ನಪಾನಗಳ ಕುರಿತ ಮಾತು, ಸೇರಿದೆ. ಯಾವ ಊರಿನ ಯಾವ ತಿಂಡಿ ಉತ್ತಮ, ಯಾವ ಮದುವೆಯಲ್ಲಿ ಯಾವ ಸಿಹಿ ಚೆನ್ನಾಗಿತ್ತು ಎಂಬ ಸಂಭಾಷಣೆಯಲ್ಲಿ ಕಳೆದ ಹೊತ್ತು ಆತ್ಮಹಿತಕ್ಕೆ ನಷ್ಟವಾದ ಹೊತ್ತು. ಬಸದಿಯ ಪಡಸಾಲೆಯಲ್ಲಿ ಸ್ವಾಧ್ಯಾಯ ಮುಗಿಯುವ ಮೊದಲೇ ಮಧ್ಯಾಹ್ನದ ಊಟದ ಮಾತು ಆರಂಭವಾಗುವುದನ್ನು ಕಂಡವರಿಗೆ ಈ ಆಕ್ಷೇಪದ ಬೆಲೆ ತಿಳಿಯುತ್ತದೆ. ಆದರೆ ಇಷ್ಟರಿಂದಲೇ ಅಡುಗೆಯ ಮೇಲಿನ ಅಕ್ಕರೆಯೆಲ್ಲ ಪ್ರಮಾದ ಎಂದು ತೀರ್ಮಾನಿಸುವುದು ಅವಸರವಾದೀತು. ಉಣ್ಣುವವನ ಮಾತು ಬೇರೆ, ಅಟ್ಟು ಬಡಿಸುವವಳ ಮನಸ್ಸು ಬೇರೆ. ಇವೆರಡನ್ನೂ ಒಂದೇ ಖಾತೆಯಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ.

ಭೋಗೋಪಭೋಗ ಪರಿಮಾಣವ್ರತದ ಅತಿಚಾರಗಳನ್ನು ಇಬ್ಬರು ಮಹಾನ್ ಆಚಾರ್ಯರು ಎರಡು ಬಗೆಯಾಗಿ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ತಟ್ಟೆಯ ಕಡೆಗೆ ನೋಡುತ್ತಾರೆ. ಸಚಿತ್ತವಾದ ಆಹಾರ, ಸಚಿತ್ತದ ಸಂಬಂಧವುಳ್ಳದ್ದು, ಸಚಿತ್ತ ಬೆರೆತದ್ದು, ಉದ್ರೇಕಕಾರಿಯಾದದ್ದು ಮತ್ತು ದುಃಪಕ್ವವಾದದ್ದು, ಇವು ಅವರು ಎಣಿಸಿದ ಐದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅದೇ ವ್ರತಕ್ಕೆ ಮನಸ್ಸಿನ ಕಡೆಯಿಂದ ಬರುತ್ತಾರೆ. ವಿಷಯವೆಂಬ ವಿಷದಲ್ಲಿ ಉಪೇಕ್ಷೆ ಇಲ್ಲದಿರುವುದು, ಹಿಂದೆ ಭೋಗಿಸಿದ್ದನ್ನು ಮತ್ತೆ ಮತ್ತೆ ನೆನೆಯುವುದು, ಭೋಗಿಸುವಾಗ ಅತಿಯಾದ ಲೌಲ್ಯ, ಮುಂದಿನ ಭೋಗಕ್ಕಾಗಿ ಅತಿತೃಷೆ, ಅತಿಯಾದ ಅನುಭವ, ಇವು ಅವರ ಐದು. ಇವೆರಡು ಪಟ್ಟಿಗಳಲ್ಲಿ ವಿರೋಧವಿಲ್ಲ. ವ್ಯಾಪಾರಿಗೆ ರೋಕಡಿ ಕಿರ್ದಿಯೂ ಬೇಕು, ಖಾತೆಯೂ ಬೇಕು; ಒಂದೇ ವ್ಯವಹಾರವನ್ನು ಎರಡು ಕಡೆಯಿಂದ ತಾಳೆ ನೋಡಿದಾಗಲೇ ನಿಜಸ್ಥಿತಿ ತಿಳಿಯುತ್ತದೆ.

ಉಮಾಸ್ವಾಮಿಗಳ ಪಟ್ಟಿಯ ಕೊನೆಯ ಪದವನ್ನು ಓದುಗರು ಮತ್ತೊಮ್ಮೆ ಗಮನಿಸಬೇಕು. ದುಃಪಕ್ವ ಎಂದರೆ ಸರಿಯಾಗಿ ಬೇಯದ, ಅರೆಬೆಂದ ಅಥವಾ ಹದಗೆಟ್ಟ ಆಹಾರ. ಅದನ್ನು ಅತಿಚಾರಗಳಲ್ಲಿ ಸೇರಿಸಿದ ಮೇಲೆ, ಚೆನ್ನಾಗಿ ಅಡುವುದು ವ್ರತದ ಒಂದು ಅಂಗವೇ ಆಯಿತು. ಹೇಗಾದರೂ ಬೇಯಿಸಿ ಹೇಗಾದರೂ ಹಾಕುವುದು ವೈರಾಗ್ಯದ ಲಕ್ಷಣವೆಂದು ಭಾವಿಸುವವರಿಗೆ ಸೂತ್ರಕಾರರ ಬೆಂಬಲವಿಲ್ಲ. ಅಡುಗೆ ಕೆಟ್ಟರೆ ಧಾನ್ಯದಲ್ಲಿ, ನೀರಿನಲ್ಲಿ, ಬೆಂಕಿಯಲ್ಲಿ ಆದ ಜೀವಹಾನಿಯೆಲ್ಲ ನಿಷ್ಫಲವಾಗುತ್ತದೆ. ಉಂಡವನ ದೇಹವೂ ಧರ್ಮಸಾಧನೆಗೆ ಒದಗುವುದಿಲ್ಲ.

ನಮ್ಮ ಭಾಗದ ಅಡುಗೆಯ ಕೌಶಲವನ್ನು ಹತ್ತಿರದಿಂದ ನೋಡಿದರೆ, ಅದರ ಬಹುಪಾಲು ಜೀವದಯೆಯ ದಾರಿಯಲ್ಲಿಯೇ ಇದೆ ಎಂಬುದು ಗೋಚರಿಸುತ್ತದೆ. ಗೋದಿಯ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ನೀರು ಹಾಕಿ, ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿ ಅದಕ್ಕೆ ಜಿಗಿ ತರಬೇಕು. ಹಿಟ್ಟು ಹಳತಾದರೆ ಎಷ್ಟು ನಾದಿದರೂ ರೊಟ್ಟಿಯ ಅಂಚು ಬಿರಿಯುತ್ತದೆ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಹಿರಿಯರು ಹಾಕಿಕೊಟ್ಟ ನಿಯಮವು ರೊಟ್ಟಿ ಬಡಿಯುವ ಕೈಗೆ ಭಾರವೆನಿಸುವುದಿಲ್ಲ; ಆ ಕೈಯೂ ತಾಜಾ ಹಿಟ್ಟನ್ನೇ ಬೇಡುತ್ತದೆ. ಎಣ್ಣೆಗಾಯಿಗೆ ಬದನೆಯನ್ನು ತೊಟ್ಟು ಸಹಿತ ನಾಲ್ಕು ಸೀಳಾಗಿ ಬಿಡಿಸುವಾಗ ಒಳಗೆ ಹುಳುವಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವ ಕಣ್ಣು, ಅಹಿಂಸಾವ್ರತದ ಐದು ಭಾವನೆಗಳಲ್ಲಿ ಒಂದಾದ ಆಲೋಕಿತಪಾನಭೋಜನವನ್ನು ಹೆಸರು ತಿಳಿಯದೆಯೇ ಪಾಲಿಸುತ್ತಿರುತ್ತದೆ. ಕಾಳು ಆರಿಸುವುದು, ನೀರು ಸೋಸಿ ಜೀವಾಣಿಯನ್ನು ಮೂಲಸ್ಥಾನಕ್ಕೆ ಮುಟ್ಟಿಸುವುದು, ಒಲೆಯನ್ನು ಹೊತ್ತಿಸುವ ಮೊದಲು ಒರೆಸುವುದು, ಇವುಗಳನ್ನು ಬೇಸರದಿಂದ ಮಾಡುವವರ ಕೈಯಲ್ಲಿ ಯತ್ನಾಚಾರ ನಿಲ್ಲುವುದಿಲ್ಲ. ಅಕ್ಕರೆಯಿಂದ ಮಾಡುವವರ ಕೈಯಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಅಡುಗೆಯ ಉತ್ಸಾಹಕ್ಕೆ ಧರ್ಮದಲ್ಲಿ ಸ್ಥಾನವಿದೆ ಎಂಬುದಕ್ಕೆ ಇದು ಮೊದಲ ಕಾರಣ.

ಕನ್ನಡ ಸಾಹಿತ್ಯದಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಲೋಕೋಪಕಾರವು ಜ್ಯೋತಿಷ, ವಾಸ್ತು, ಜಲಶೋಧನೆಗಳ ಜೊತೆಗೆ ಅಡುಗೆಗೂ ಎಡೆಕೊಟ್ಟಿತು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ಜೈನಕವಿ. ನೇಮಿಜಿನೇಶ ಸಂಗತಿ, ಸಮ್ಯಕ್ತ್ವಕೌಮುದಿಗಳನ್ನು ಬರೆದವನು. ಅದೇ ಲೇಖನಿಯಿಂದ ಅವನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನೂ ರಚಿಸಿದನು. ಸಮ್ಯಕ್ತ್ವದ ಕಥೆಗಳನ್ನು ಹೇಳಿದ ಕವಿಗೆ ಹಿಟ್ಟು, ಪಾನಕ, ಅನ್ನ, ಕಾಯಿಪಲ್ಲೆಗಳ ಪಾಕವನ್ನು ಹೇಳುವುದು ತನ್ನ ಘನತೆಗೆ ಕುಂದು ಎನಿಸಲಿಲ್ಲ. ಮಾಂಸವಿಲ್ಲದೆ ಊಟಕ್ಕೆ ರುಚಿಯಿಲ್ಲ ಎನ್ನುವ ಲೋಕಕ್ಕೆ ಇದಕ್ಕಿಂತ ಸೌಮ್ಯವಾದ ಉತ್ತರವನ್ನು ಕೊಡುವುದು ಕಷ್ಟ. ವಾದದಿಂದ ಒಪ್ಪದವನು ಒಂದು ಒಳ್ಳೆಯ ಊಟದಿಂದ ಒಪ್ಪಿದ ಉದಾಹರಣೆಗಳು ನಮ್ಮ ನಿಮ್ಮ ನಡುವೆಯೇ ಇವೆ.

ಅದೇ ಸೂಪಶಾಸ್ತ್ರದಲ್ಲಿ ಬದನೆಕಾಯಿಯ ಪಾಕಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಇತ್ತ ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿ ಬದನೆಯ ಹೆಸರೂ ಇದೆ, ಸಂಧಾನದ, ಅಂದರೆ ಉಪ್ಪಿನಕಾಯಿಯ ಹೆಸರೂ ಇದೆ. ಎಣ್ಣೆಗಾಯಿ ಮತ್ತು ಲಿಂಬೆಯ ಉಪ್ಪಿನಕಾಯಿ, ಈ ಸೀಮೆ ಹೆಮ್ಮೆಪಡುವ ಎರಡು ಪದಾರ್ಥಗಳೂ ಪಟ್ಟಿಯೊಳಗೇ ಬಂದವು. ಕೆಲವು ಮನೆಗಳಲ್ಲಿ ಇವು ಸಂಪೂರ್ಣ ನಿಷಿದ್ಧ, ಕೆಲವು ಮನೆಗಳಲ್ಲಿ ಬಳಕೆಯಲ್ಲಿವೆ. ಬೀಗತನ ಬೆಳೆದಾಗ ಸೊಸೆಯಂದಿರು ಇದರಿಂದ ಇಕ್ಕಟ್ಟಿಗೆ ಸಿಲುಕುವುದೂ ಉಂಟು. ಬಹುಬೀಜ ಮತ್ತು ಹುಳುವಿನ ಕಾರಣ ಕಾಲ್ಪನಿಕವಲ್ಲ. ಬದನೆ ಬೆಳೆದ ಒಕ್ಕಲಿಗನಿಗೆ ಕಾಯಿಕೊರಕದ ಪರಿಚಯ ಚೆನ್ನಾಗಿಯೇ ಇರುತ್ತದೆ. ಸಮಂತಭದ್ರರು ತ್ಯಾಗದಲ್ಲಿ ಯಾವಜ್ಜೀವದ ಯಮ ಮತ್ತು ಕಾಲಮಿತಿಯುಳ್ಳ ನಿಯಮ ಎಂಬ ಎರಡು ಬಗೆ ಮಾಡಿದ್ದಾರೆ. ಯಮ ಕೂಡದವರು ಚಾತುರ್ಮಾಸದ ನಾಲ್ಕು ತಿಂಗಳಾದರೂ ನಿಯಮವಾಗಿ ಬದನೆಯನ್ನು ಬಿಡಬಹುದು. ಉಪ್ಪಿನಕಾಯಿಯ ಭರಣಿಗೆ ಬದಲು ಆಗಿಂದಾಗ ಹಿಂಡಿದ ಲಿಂಬೆಯ ರಸ ಸಾಕು. ಲಿಂಬೆಯ ನಾಡಿನಲ್ಲಿದ್ದು ಇದಕ್ಕೆ ಕೊರತೆಯೆಲ್ಲಿ? ಬಿಟ್ಟವನು ಬಿಡದವನನ್ನು ಕೀಳಾಗಿ ಕಂಡರೆ ಮಾತ್ರ, ನಾಲಿಗೆಯಿಂದ ಇಳಿದ ದೋಷ ಮಾನಕಷಾಯವಾಗಿ ತಲೆಗೇರಿತೆಂದು ತಿಳಿಯಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಉತ್ಸಾಹವು ಯಾವಾಗ ಅಕ್ಕರೆ, ಯಾವಾಗ ಚಪಲ? ಇದನ್ನು ಅಳೆಯುವ ಕೋಲು ನಮ್ಮ ಮನೆಗಳಲ್ಲಿಯೇ ಇದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ತಾನು ಉಪವಾಸವಿದ್ದು, ಮಕ್ಕಳಿಗೂ ವೃದ್ಧರಿಗೂ ಅಡುಗೆ ಮಾಡಿ ಬಡಿಸುವ ತಾಯಂದಿರನ್ನು ಎಲ್ಲರೂ ಕಂಡಿದ್ದೇವೆ. ಉಪ್ಪು ಎಷ್ಟೆಂದು ಬಾಯಿಂದ ನೋಡುವಂತಿಲ್ಲ. ಕೈಯ ಅಳತೆ, ಒಗ್ಗರಣೆಯ ವಾಸನೆ, ಕುದಿಯುವ ಸಪ್ಪಳ, ಬೇಳೆಯ ಬಣ್ಣ ಇವುಗಳಿಂದಲೇ ಹದ ತಿಳಿಯುತ್ತದೆ. ಊಟಕ್ಕೆ ಕುಳಿತವರು ಉಪ್ಪು ಕೇಳುವುದಿಲ್ಲ. ಮುನಿಮಹಾರಾಜರ ಆಹಾರಕ್ಕೆ ಸಿದ್ಧಪಡಿಸುವಾಗಲೂ ಹೀಗೆಯೇ. ಮೊದಲು ರುಚಿ ನೋಡಿ ಎಂಜಲು ಮಾಡುವ ಪ್ರಶ್ನೆಯೇ ಇಲ್ಲ. ರಸದ ಜ್ಞಾನವು ಪೂರ್ಣವಾಗಿದ್ದು ರಸದ ಲೌಲ್ಯವು ಇಲ್ಲದಿರುವ ಸ್ಥಿತಿ ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ದಾತೃವಿನ ಏಳು ಗುಣಗಳಲ್ಲಿ ವಿಜ್ಞಾನವನ್ನೂ ಅಲುಬ್ಧತೆಯನ್ನೂ ಒಟ್ಟಿಗೆ ಎಣಿಸಿರುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ತನ್ನ ನಾಲಿಗೆಗೆ ಬೀಗ ಬಿದ್ದ ದಿನವೂ ಯಾರ ಕೈಯ ಉತ್ಸಾಹ ಕುಗ್ಗುವುದಿಲ್ಲವೋ ಅವರದು ಅಕ್ಕರೆ. ತಾನು ಉಣ್ಣದ ದಿನ ಮನೆಯವರಿಗೆಲ್ಲ ಸಪ್ಪೆ ಊಟ ಎಂದಾದರೆ, ಅದುವರೆಗಿನ ಉತ್ಸಾಹವೆಲ್ಲ ಚಪಲವೇ ಆಗಿತ್ತು.

ಆದಿತೀರ್ಥಂಕರರ ಪ್ರಥಮ ಪಾರಣೆಯ ವೃತ್ತಾಂತವೂ ಇದನ್ನೇ ಬೋಧಿಸುತ್ತದೆ. ದೀರ್ಘ ಉಪವಾಸದ ನಂತರ ಋಷಭಸ್ವಾಮಿಗಳು ಚರ್ಯೆಗೆ ಹೊರಟಾಗ, ಜನರು ಭಕ್ತಿಯಿಂದಲೇ ಮಣಿ, ವಸ್ತ್ರ, ವಾಹನಗಳನ್ನು ತಂದು ಒಪ್ಪಿಸಲು ನಿಂತರು. ಕೊಡುವ ಮನಸ್ಸು ಇತ್ತು. ಪಡೆಯುವವರಿಗೆ ಏನು ಬೇಕೆಂಬ ಅರಿವು ಇರಲಿಲ್ಲ. ಹಸ್ತಿನಾಪುರದ ಶ್ರೇಯಾಂಸನು ಪೂರ್ವಜನ್ಮದ ಸ್ಮರಣೆಯಿಂದ ದಾನದ ವಿಧಿಯನ್ನು ಅರಿತು ಇಕ್ಷುರಸವನ್ನು ನೀಡಿದನು. ಆ ದಿನವನ್ನೇ ನಾವು ಅಕ್ಷಯತೃತೀಯೆಯೆಂದು ಆಚರಿಸುತ್ತೇವೆ. ಅಂದು ಬಡಿಸಿದ್ದು ನೂರು ಭಕ್ಷ್ಯಗಳನ್ನಲ್ಲ, ಬರಿಯ ಕಬ್ಬಿನ ಹಾಲು. ಉಣ್ಣುವವನನ್ನು ಅರಿತು ಬಡಿಸಿದ ಒಂದು ಪದಾರ್ಥಕ್ಕೆ, ಅರಿಯದೆ ಬಡಿಸಿದ ನೂರು ಪದಾರ್ಥಗಳು ಸಮನಾಗಲಾರವು.

ಹೋಟೆಲಿನ ಊಟದ ಬಗ್ಗೆಯೂ ಇದೇ ದೃಷ್ಟಿಯಿಂದ ನೋಡಬೇಕು. ಪ್ರವಾಸದಲ್ಲಿ, ಆಸ್ಪತ್ರೆಯ ಕೆಲಸದಲ್ಲಿ, ಮಕ್ಕಳ ವಿದ್ಯಾಭ್ಯಾಸದಲ್ಲಿ ಹೊರಗಿನ ಊಟ ಅನಿವಾರ್ಯವಾಗುವುದುಂಟು. ಖಾನಾವಳಿಯ ಒಲೆಯ ಮುಂದೆ ರೊಟ್ಟಿ ಬಡಿದು ಸಂಸಾರ ಸಾಗಿಸುವ ತಾಯಂದಿರ ಶ್ರಮ ಗೌರವಕ್ಕೆ ಅರ್ಹವಾದದ್ದು. ಆದರೆ ನೀರು ಸೋಸಿದ್ದೇ, ಹಿಟ್ಟು ಎಂದಿನದು, ಎಣ್ಣೆ ಎಷ್ಟು ಬಾರಿ ಕಾಯ್ದದ್ದು ಎಂಬುದನ್ನು ಅಲ್ಲಿ ಕೇಳುವಂತಿಲ್ಲ. ಊಟದ ಹೊತ್ತು ಸೂರ್ಯಾಸ್ತವನ್ನು ದಾಟುವುದೂ ಸಾಮಾನ್ಯ. ಅನಿವಾರ್ಯತೆಗೆ ಹೋದವನಿಗೂ, ವಾರಕ್ಕೊಂದು ಹೊಸ ಹೋಟೆಲು ಎಂದು ಹುಡುಕಿ ಹೋದವನಿಗೂ ಬಿಲ್ಲು ಒಂದೇ ಆದರೂ ಬಂಧ ಒಂದೇ ಅಲ್ಲ. ಹಿಂದಿನದನ್ನು ನೆನೆಯುವ, ಮುಂದಿನದಕ್ಕೆ ಬಾಯಾರುವ ಆ ಎರಡು ಅತಿಚಾರಗಳನ್ನು ಸಮಂತಭದ್ರರು ಇಂಥವನಿಗಾಗಿಯೇ ಹೇಳಿದಂತಿದೆ.

ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಜೈನ ಪಾವ್‌ಭಾಜಿ, ಬೆಳ್ಳುಳ್ಳಿಯ ಬದಲು ಇಂಗು ಹಾಕಿದ ಚಟ್ನಿಗಳ ಬಗ್ಗೆಯೂ ಪ್ರಶ್ನೆ ಏಳುತ್ತದೆ. ಬಿಟ್ಟ ಪದಾರ್ಥದ ನೆರಳನ್ನೇ ತಿನ್ನುವುದು ತ್ಯಾಗವೇ ಎಂದು ಕೆಲವರು ನಗುತ್ತಾರೆ. ಕಂದಮೂಲದಲ್ಲಿರುವ ಅನಂತ ಜೀವಗಳ ರಕ್ಷಣೆ ನೆರಳಲ್ಲ, ಅದು ನಿಜವಾದದ್ದು. ಶಾಲೆಗೆ ಹೋಗುವ ಮಗು ಗೆಳೆಯರ ನಡುವೆ ತನ್ನ ನಿಯಮವನ್ನು ಕಣ್ಣೀರಿಲ್ಲದೆ ಉಳಿಸಿಕೊಳ್ಳಲು ಈ ಬದಲಿ ಪಾಕ ನೆರವಾದರೆ, ಅದನ್ನು ಕಂಡುಹಿಡಿದ ತಾಯಿಯ ಜಾಣ್ಮೆ ವಂದನೀಯ. ಮೆಟ್ಟಿಲು ಹತ್ತುವುದಕ್ಕೆ ಇರುವುದು; ಅರವತ್ತು ವರ್ಷ ದಾಟಿದ ಮೇಲೂ ಅದೇ ಮೆಟ್ಟಿಲ ಮೇಲೆ ಕುಳಿತಿರುವುದು ನಮ್ಮಂಥ ಹಿರಿಯರಿಗೆ ಶೋಭಿಸದು.

ಇನ್ನೊಂದು ಮಾತನ್ನು ನಿಷ್ಠುರವಾದರೂ ಹೇಳಲೇಬೇಕು. ಬಾಹ್ಯತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದೊಂದನ್ನು ಒಂದೊಂದು ವಾರ ಬಿಡುವ ಪದ್ಧತಿಯೂ ನಮ್ಮಲ್ಲಿದೆ. ಆದರೆ ಈ ತ್ಯಾಗದ ಭಾರವನ್ನು ಹೊರುವವರು ಯಾರು? ಯಜಮಾನನಿಗೆ ಇಂದು ಉಪ್ಪಿಲ್ಲ, ಅಜ್ಜಿಗೆ ಎಣ್ಣೆಯಿಲ್ಲ, ಮಕ್ಕಳಿಗೆ ಎಲ್ಲವೂ ಬೇಕು ಎಂದಾದಾಗ ಒಂದು ಒಲೆಯ ಮೇಲೆ ಮೂರು ಪಾತ್ರೆ ಏರುತ್ತವೆ. ತ್ಯಾಗಿಯ ಬಾಯಿಗೆ ಉಪ್ಪಿಲ್ಲದ ಬೇಳೆ ಬೇಸರವಾದೀತೆಂದು ಅದಕ್ಕೆ ಬೇರೆ ನಾಲ್ಕು ಬಗೆಯ ರುಚಿ ಕಟ್ಟುವ ಶ್ರಮವೂ ಮನೆಯಾಕೆಯದೇ. ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ ಎಂಬ ಪಂಚಸೂನೆಗಳ ಆರಂಭಹಿಂಸೆಯನ್ನು ಮನೆಯವರೆಲ್ಲರ ಪರವಾಗಿ ಆಕೆ ದಿನವೂ ಹೊರುತ್ತಾಳೆ. ಒಬ್ಬನ ವ್ರತದಿಂದ ಆ ಆರಂಭ ಇಮ್ಮಡಿಯಾದರೆ, ಒಂದು ವಹಿಯಲ್ಲಿ ಉಳಿತಾಯವೆಂದು ಬರೆದದ್ದು ಇನ್ನೊಂದು ವಹಿಯಲ್ಲಿ ಖರ್ಚಾಗಿ ಬಿದ್ದಿರುತ್ತದೆ. ಕೂಡಿಸಿ ನೋಡಿದಾಗ ಲಾಭ ಕಾಣುವುದಿಲ್ಲ. ಉಪ್ಪು ಬಿಟ್ಟವನು, ಎಲ್ಲರಿಗೂ ಮಾಡಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಂಡು ಏಳಲಿ. ರಾತ್ರಿಭೋಜನ ಬಿಟ್ಟವನು, ಸೂರ್ಯಾಸ್ತಕ್ಕೆ ಮುಂಚೆ ಅಂಗಡಿಯಿಂದ ಬಂದು ಕಾಳು ಆರಿಸುವುದಕ್ಕೋ ನೀರು ಸೋಸುವುದಕ್ಕೋ ಕೈಹಚ್ಚಲಿ. ಬಡಿಸಿದಾಕೆಯೂ ಬೆಳಕಿರುವಾಗಲೇ ಉಂಡು ಮುಗಿಸುವಂತಾದರೆ ಮಾತ್ರ ಆ ಮನೆಯಲ್ಲಿ ರಾತ್ರಿಭೋಜನತ್ಯಾಗ ಇದೆ ಎನ್ನಬಹುದು.

ಬಸದಿಗಳ ವಿಶ್ವಸ್ತ ಮಂಡಳಿಯವರಲ್ಲಿಯೂ ಒಂದು ವಿನಂತಿ. ವಿಧಾನ, ಪಂಚಕಲ್ಯಾಣಗಳ ಊಟದಲ್ಲಿ ಪದಾರ್ಥಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ; ಎಲೆಯ ಮೇಲೆ ಉಳಿಯುವುದೂ ಏರುತ್ತಿದೆ. ದಾನಿಗಳ ಹೆಸರಿನೊಂದಿಗೆ ಸಿಹಿಗಳ ಪೈಪೋಟಿಯೂ ಸೇರಿಕೊಂಡಿದೆ. ಸೀಮಿತ ಪದಾರ್ಥ, ಹಗಲಿನ ಊಟ, ಸೋಸಿದ ನೀರು, ಈ ಮಣ್ಣಿನ ಜೋಳ ಮತ್ತು ಕಾಳು, ಎಲೆಯಲ್ಲಿ ಬಿಡದ ನಿಯಮ, ಇಷ್ಟನ್ನು ಮಂಡಳಿ ನಿರ್ಣಯ ಮಾಡಿದರೆ ಸಾಕು. ಕಾಳಿನ ಪಲ್ಯದ ಜೊತೆ ಹಸಿ ಮೊಸರು ಬೆರೆತು ದ್ವಿದಳವಾಗದಂತೆ ಬಡಿಸುವ ಕ್ರಮವನ್ನು ಕಿರಿಯರಿಗೆ ತಿಳಿಸಿಕೊಡಬೇಕು. ಉಳಿತಾಯವಾದ ಹಣ ಬರಗಾಲದಲ್ಲಿ ಹಸಿದವರ ಅನ್ನಕ್ಕೂ ದನಗಳ ಮೇವಿಗೂ ಸಲ್ಲಲಿ; ಈ ಸೀಮೆಯಲ್ಲಿ ಅಂಥ ವರ್ಷಗಳು ಅಪರೂಪವಲ್ಲ. ಮನೆಮನೆಯ ಹಿರಿಯ ತಾಯಂದಿರಿಗೆ ಗೊತ್ತಿರುವ, ಕಂದಮೂಲವಿಲ್ಲದ ನಮ್ಮ ಸೀಮೆಯ ಪಾಕಗಳನ್ನು ಬರೆಯಿಸಿ ಇಡುವುದೂ ಶಾಸ್ತ್ರದಾನದ ಒಂದು ಭಾಗವೆಂದೇ ಭಾವಿಸಬಹುದು. ಮಂಗರಸನು ಮಾಡಿದ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕಾಗಿಲ್ಲ.

ಮುನಿಗಳು ತಮಗಾಗಿಯೇ ಮಾಡಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸುವುದಿಲ್ಲ; ಗೃಹಸ್ಥನು ತನಗೆಂದು ಮಾಡಿದ ಶುದ್ಧ ಆಹಾರದಲ್ಲಿಯೇ ಅವರಿಗೆ ಪಾಲು. ಆದ್ದರಿಂದ ದಿನನಿತ್ಯದ ಅಡುಗೆಯೇ ಅತಿಥಿಸಂವಿಭಾಗಕ್ಕೆ ಯೋಗ್ಯವಾಗಿರಬೇಕು. ಇಂದು ಬಾಗಿಲಿಗೆ ಸತ್ಪಾತ್ರರು ಬಂದರೆ ಒಲೆಯ ಮೇಲಿರುವುದನ್ನು ಸಂಕೋಚವಿಲ್ಲದೆ ಬಡಿಸಬಹುದೇ? ಈ ಪ್ರಶ್ನೆಯನ್ನು ಅಡುಗೆ ಮಾಡುವವರೂ ಉಣ್ಣುವವರೂ ಪ್ರತಿದಿನ ಕೇಳಿಕೊಳ್ಳಲಿ. ಹೌದೆಂಬ ಉತ್ತರ ಬರುವ ಮನೆಯಲ್ಲಿ ರೊಟ್ಟಿ ಚೆನ್ನಾಗಿ ಉಬ್ಬಿತೆಂದು ಒಬ್ಬ ತಾಯಿ ಸಂತೋಷಪಟ್ಟರೆ, ಆ ಸಂತೋಷವನ್ನು ವಿಕಥೆಯ ಲೆಕ್ಕಕ್ಕೆ ಹಿಡಿಯುವ ಅಗತ್ಯ ಯಾರಿಗೂ ಇಲ್ಲ.